ಮುಚ್ಚಿಟ್ಟ ಮಾತ್ರೆ

ಮನೆಯಲ್ಲಿ ಒಬ್ಬರಿಗೆ ಕಾಮಾಲೆಯಾದರೆ ಊರಿಗೆಲ್ಲ ತಿಳಿಯುತ್ತದೆ. ಎಲ್ಲಿ ಔಷಧಿ ಕೊಡುತ್ತಾರೆ, ಯಾವ ಪಥ್ಯ ಹಿಡಿಯಬೇಕು ಎಂದು ಹತ್ತು ಮಂದಿ ಹತ್ತು ಬಗೆಯಾಗಿ ಹೇಳಿ ಹೋಗುತ್ತಾರೆ. ಅದೇ ಮನೆಯಲ್ಲಿ ಒಬ್ಬರ ಮನಸ್ಸಿಗೆ ರೋಗ ತಗುಲಿತೆಂದರೆ ಮೊದಲು ಮುಚ್ಚುವುದು ಹೊರಬಾಗಿಲು. ಕೇಳಿದವರಿಗೆಲ್ಲ 'ಸ್ವಲ್ಪ ನಿಶ್ಶಕ್ತಿ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಔಷಧಿಯನ್ನು ಊರಿನ ಅಂಗಡಿಯಲ್ಲಿ ಕೊಳ್ಳದೆ ಗುರುತಿನವರಿಲ್ಲದ ಪೇಟೆಯಿಂದ ತರಿಸಲಾಗುತ್ತದೆ. ಹೀಗೆ ಮಾಡುವವರು ನಿರ್ದಯರಲ್ಲ. ಸಣ್ಣ ಸಮಾಜ, ಒಂದು ಮನೆತನಕ್ಕೂ ಇನ್ನೊಂದಕ್ಕೂ ಎಲ್ಲಿಯೋ ಒಂದು ಕಡೆ ಬೀಗತನದ ನಂಟು. ಹಿರಿಯ ಮಗಳ ಸುದ್ದಿ ಹೊರಬಿದ್ದರೆ ಕಿರಿಯವಳ ಸಂಬಂಧ ತಪ್ಪುತ್ತದೆಂಬ ಅಂಜಿಕೆ ನಿರಾಧಾರವೆಂದು ಯಾರೂ ಹೇಳಲಾರರು.

ಆದರೆ ಮುಚ್ಚಿದ ಬಾಗಿಲುಗಳು ಎಷ್ಟಿವೆಯೆಂಬುದನ್ನು ಗಮನಿಸಬೇಕು. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿ ಒಂದಲ್ಲ ಒಂದು ಮನೋರೋಗದಿಂದ ಬಳಲುತ್ತಿದ್ದರು. ಆಯಾ ರೋಗವನ್ನನುಸರಿಸಿ ಶೇಕಡಾ 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಈ ಪ್ರಮಾಣದಲ್ಲಿ ಯಾವ ಕುಲವೂ, ಯಾವ ಮತವೂ ಹೊರತಾಗಿರಲು ಕಾರಣವಿಲ್ಲ. ಪೂಜೆಗೆ ನೂರು ಜನ ಹಿರಿಯರು ಸೇರುವ ಬಸದಿಯಲ್ಲಿ ಹತ್ತು ಜನ ಅಂಥವರು ಇದ್ದೇ ಇರುತ್ತಾರೆ. ಅಥವಾ ಪೂಜೆಗೆ ಬಾರದೆ ಮನೆಯಲ್ಲಿ ಉಳಿದಿರುತ್ತಾರೆ.

ಬೆಳಗಾವಿ ಜಿಲ್ಲೆಯ ಕೃಷಿಕ ಶ್ರಾವಕರೊಬ್ಬರ ಮನೆಯಲ್ಲಿ ನಡೆದ ಸಂಗತಿಯಿಂದ ಈ ಮುಚ್ಚುಮರೆಯ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಅವರಿಗೆ ನಾಲ್ಕು ಎಕರೆ ಕಬ್ಬಿನ ಹೊಲ, ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಬಿ.ಎಸ್ಸಿ. ಓದುತ್ತಿದ್ದಾಗ, ಇಪ್ಪತ್ತರ ವಯಸ್ಸಿನಲ್ಲಿ, ಮೂರು ವಾರ ನಿದ್ರೆಯನ್ನೇ ಮಾಡಲಿಲ್ಲ. ಮಾತು ನಿಲ್ಲಲಿಲ್ಲ. ಕೈಯ ಬಳೆಗಳನ್ನು ಬಿಚ್ಚಿ ಗೆಳತಿಯರಿಗೆ ಹಂಚಿದಳು. ಅನಂತರದ ಎರಡು ತಿಂಗಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದಳು. ಮನೆಯವರು ಮೊದಲು ಹರಕೆ ಹೊತ್ತರು, ಯಂತ್ರ ಕಟ್ಟಿಸಿದರು, ಪೂರ್ವಕರ್ಮವೆಂದು ಸುಮ್ಮನಾದರು. ಕೊನೆಗೆ ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ದರು. ಉನ್ಮಾದವೂ ಖಿನ್ನತೆಯೂ ಒಂದರ ಬೆನ್ನಿಗೆ ಒಂದು ಬರುವ ಈ ರೋಗಕ್ಕೆ ಬೈಪೋಲಾರ್ ಎಂದು ಹೆಸರು. ವೈದ್ಯರು ಲಿಥಿಯಂ ಮಾತ್ರೆ ಕೊಟ್ಟರು. ಆರು ತಿಂಗಳಲ್ಲಿ ಆಕೆ ಮತ್ತೆ ಕಾಲೇಜಿಗೆ ಹೋದಳು, ಪದವಿಯನ್ನೂ ಮುಗಿಸಿದಳು.

ಕೊಲ್ಲಾಪುರದ ಕಡೆಯಿಂದ ಒಳ್ಳೆಯ ಸಂಬಂಧ ಬಂದಿತು. ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ಸೋದರಮಾವಂದಿರು ಒಂದೇ ಮಾತಿನಲ್ಲಿ ಬೇಡವೆಂದರು. ತಂದೆಗೆ ಅಳುಕಿತ್ತು, ಆದರೆ ಎದುರಾಡಲಿಲ್ಲ. ಮಾತ್ರೆಗಳನ್ನು ಜೀವಸತ್ವದ ಗುಳಿಗೆಯ ಬಾಟಲಿಯಲ್ಲಿ ತುಂಬಿ ಮಗಳ ಪೆಟ್ಟಿಗೆಯಲ್ಲಿ ಇಟ್ಟುಕಳಿಸಿದವರು ತಾಯಿ.

ಆ ವರ್ಷದ ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂದಿತು. ಹೊಸ ಸೊಸೆಯು ಅತ್ತೆಯ ಜೊತೆಗೆ ಮೂರು ದಿನಗಳ ನಿರ್ಜಲ ಉಪವಾಸ ಹಿಡಿದಳು. ಅತ್ತೆ ಒತ್ತಾಯಿಸಿರಲಿಲ್ಲ, ಒಲ್ಲೆನೆಂದು ಹೇಳಲು ಸೊಸೆಯ ಬಳಿ ಕಾರಣವಿರಲಿಲ್ಲ, ಇದ್ದ ಕಾರಣವನ್ನು ಹೇಳುವಂತಿರಲಿಲ್ಲ. ಮಾತ್ರೆ ಬಿಡಬಾರದೆಂದು ವೈದ್ಯರು ಹೇಳಿದ್ದು ನೆನಪಿತ್ತು. ಆದುದರಿಂದ ಎಲ್ಲರೂ ಮಲಗಿದ ಮೇಲೆ ನೀರಿಲ್ಲದೆಯೇ ಅದನ್ನು ನುಂಗಿದಳು. ವ್ರತಭಂಗವಾಯಿತೆಂಬ ಸಂಕಟವೇ ಆಗ ಆಕೆಗೆ ಹೆಚ್ಚಾಗಿತ್ತೆಂದು ಮುಂದೆ ಹೇಳಿಕೊಂಡಳು. ಮೂರನೆಯ ದಿನ ಕೈ ನಡುಗಿತು, ವಾಂತಿಯಾಯಿತು, ನಾಲಿಗೆ ತೊದಲಿತು. ನಡೆಯಲು ಹೋದವಳು ಹೊಸ್ತಿಲ ಬಳಿ ಬಿದ್ದಳು.

ಲಿಥಿಯಂ ಒಂದು ಲವಣ. ಮೂತ್ರಪಿಂಡಗಳು ಅದನ್ನು ದೇಹದಿಂದ ಹೊರಹಾಕುತ್ತವೆ. ಶರೀರದಲ್ಲಿ ನೀರೂ ಉಪ್ಪೂ ಕಡಿಮೆಯಾದಾಗ ಅವು ಉಪ್ಪನ್ನು ಹಿಡಿದಿಡುವಂತೆ ಲಿಥಿಯಂ ಅನ್ನೂ ಹಿಡಿದಿಡುತ್ತವೆ. ಹಿತಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಅತ್ಯಲ್ಪ. ಈ ಔಷಧಿ ಸೇವಿಸುವವರು ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕೆನ್ನುವುದೂ ಇದಕ್ಕಾಗಿಯೇ. ಆಸ್ಪತ್ರೆಯಲ್ಲಿ 'ಯಾವುದಾದರೂ ಔಷಧಿ ನಡೆದಿದೆಯೇ?' ಎಂದು ಕೇಳಿದಾಗ ಅತ್ತೆ ಪ್ರಾಮಾಣಿಕವಾಗಿ ಇಲ್ಲವೆಂದರು. ಉಪವಾಸದ ನಿಶ್ಶಕ್ತಿಯೆಂದು ಭಾವಿಸಿ ಸಲೈನ್ ಹಚ್ಚಲಾಯಿತು. ದೈವವಶಾತ್ ಅದೇ ಆಕೆಗೆ ಬೇಕಾದ ಚಿಕಿತ್ಸೆಯ ಮೊದಲ ಭಾಗವೂ ಆಗಿತ್ತು. ಮರುದಿನ ತಂದೆ ಬಂದು ವೈದ್ಯರ ಕೋಣೆಯ ಬಾಗಿಲು ಹಾಕಿಕೊಂಡು ನಿಜ ಹೇಳಿದರು. ರಕ್ತ ಪರೀಕ್ಷಿಸಿದರು, ಮಾತ್ರೆ ನಿಲ್ಲಿಸಿದರು. ಒಂದು ವಾರಕ್ಕೆ ಆಕೆ ಎದ್ದು ಕುಳಿತಳು.

ಆಸ್ಪತ್ರೆಯ ಅಂಗಳದಲ್ಲಿ ಬೀಗಿತಿ ಅವರಿಗೆ ಹೇಳಿದ್ದು ಇಷ್ಟು: "ಬ್ಯಾನಿ ಇದ್ದದ್ದಕ್ಕ ನನಗ ಸಿಟ್ಟಿಲ್ಲರಿ, ಬೀಗರ. ನೀವು ಹೇಳಲಿಲ್ಲ, ನಾ ಉಪಾಸ ಮಾಡಿಸಿದೆ. ಕೂಸು ಹೋಗಿದ್ರ ಆ ಪಾಪ ಯಾರ ಮ್ಯಾಲೆ ಬರತಿತ್ತು?"

ಈ ಪ್ರಶ್ನೆಗೆ ಅವರು ಉತ್ತರಿಸಲಿಲ್ಲ. ಉತ್ತರವನ್ನು ಕಾಯಿದೆಯಲ್ಲಿ ಹುಡುಕುವವರೂ ಉಂಟು. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯು ಮನೋರೋಗವುಳ್ಳವರು ವಿವಾಹವಾಗಲೇಬಾರದೆಂದು ಹೇಳುವುದಿಲ್ಲ. ವಿವಾಹಕ್ಕೂ ಸಂತಾನಕ್ಕೂ ಅನರ್ಹರಾಗುವಷ್ಟು ತೀವ್ರವಾದ ರೋಗವಿದ್ದರೆ ಅದು ಅಡ್ಡಿ. ವಿಚ್ಛೇದನಕ್ಕೆ ರೋಗದ ಹೆಸರೊಂದೇ ಸಾಲದು, ಅದರ ತೀವ್ರತೆಯನ್ನು ಸಿದ್ಧಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿಯೇ ತೀರ್ಪಿತ್ತಿದೆ. ಆದರೆ ಮುಖ್ಯ ಸಂಗತಿಯನ್ನು ಮರೆಮಾಚಿ ಸಮ್ಮತಿ ಪಡೆದರೆ ಅದು ವಂಚನೆಯೆಂದು ವಿವಾಹವನ್ನೇ ರದ್ದುಗೊಳಿಸುವಂತೆ ಕೇಳಲು ಅವಕಾಶವಿದೆ. ಎಂದರೆ, ಯಾವುದಕ್ಕೆ ಅಂಜಿ ಮರೆಮಾಚಿದರೋ ಅದಕ್ಕಿಂತ ಮರೆಮಾಚಿದ್ದೇ ಹೆಚ್ಚು ಅಪಾಯಕರ. ಊರಿನ ವಕೀಲರು ತಿಳಿಸಿಕೊಟ್ಟರೂ ಆ ಕೃಷಿಕರ ಮನಸ್ಸಿನಲ್ಲಿ ನಿಂತದ್ದು ಬೀಗಿತಿಯ ಮಾತೇ.

ಮಗಳನ್ನು ಮತ್ತೆ ಧಾರವಾಡಕ್ಕೆ ಕರೆತಂದ ದಿನ ಅವರು ಹೊರರೋಗಿಗಳ ಸರದಿಯಲ್ಲಿ ಬೆಂಚಿನ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಗದಗದ ಕಡೆಯ ಹೆಣ್ಣುಮಗಳೊಬ್ಬರು. ಅವರ ಮಗನಿಗೆ ಹನ್ನೊಂದು ವರ್ಷಗಳಿಂದ ಸ್ಕಿಜೋಫ್ರೇನಿಯಾ. ತಾವಾಗಿಯೇ ಮಾತು ತೆಗೆದರು.

"ಎಷ್ಟು ದಿನಾತ್ರಿ ಅಣ್ಣಾರ, ಮಗಳಿಗೆ?"

"ಐದು ವರ್ಷಾತ್ರಿ. ಯಾರ ಮುಂದೂ ಹೇಳಿಲ್ಲರಿ, ಅಕ್ಕಾರ."

"ಈಗ ನನ್ನ ಮುಂದ ಹೇಳಿದ್ರಲ್ರಿ."

ಆಮೇಲೆ ಆಕೆ ಕೇಳಿದ ಪ್ರಶ್ನೆಗಳು ಬಂಧುಗಳಲ್ಲಿ ಯಾರೂ ಕೇಳದಂಥವು. ರಾತ್ರಿ ಎಷ್ಟು ತಾಸು ಮಲಗುತ್ತಾಳೆ? ಬೇನೆ ತಿರುಗಿ ಬರುವ ಮೊದಲು ಏನು ಬದಲಾಗುತ್ತದೆ, ಸ್ನಾನ ತಪ್ಪುತ್ತದೆಯೋ, ಮಾತು ಏರುತ್ತದೆಯೋ? ಮಾತ್ರೆ ಯಾರ ಕೈಯಲ್ಲಿ ಇರುತ್ತದೆ? ನೀವು ಮಲಗುತ್ತೀರಾ? ಕೊನೆಯ ಪ್ರಶ್ನೆಗೆ ಆ ಗೃಹಸ್ಥರ ಕಣ್ಣು ತುಂಬಿತು. ಬಹಳ ನೀರು ಕುಡಿಯಬೇಕೆಂದು ವೈದ್ಯರು ಹಿಂದೆಯೇ ಹೇಳಿದ್ದರು. ತಪ್ಪದೆ ಹೇಳುತ್ತಾರೆ ಕೂಡ. ಆದರೆ ಮೂರು ದಿನ ನೀರು ಮುಟ್ಟದೆ ಇರುವ ಪದ್ಧತಿ ಈ ಮನೆಗಳಲ್ಲಿ ಉಂಟೆಂಬುದನ್ನು ಮನೆಯವರು ವೈದ್ಯರಿಗೆ ತಿಳಿಸಿರಲಿಲ್ಲ. ಹೇಳಬೇಕಾದ ಸಂಗತಿಯೆಂದು ಅವರಿಗೆ ಹೊಳೆದೇ ಇರಲಿಲ್ಲ.

ಒಬ್ಬ ರೋಗಿಯ ಮಾತು ಇನ್ನೊಬ್ಬ ರೋಗಿಗೆ ತಾಗುವಂತೆ ಬೇರೆಯವರ ಮಾತು ತಾಗುವುದಿಲ್ಲ. ಇದಕ್ಕೆ ಶತಮಾನಕ್ಕೂ ಹಿಂದಿನ ಒಂದು ನಿದರ್ಶನವಿದೆ. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಕ್ಲಿಫರ್ಡ್ ಬಿಯರ್ಸ್ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದ ತರುಣ. ಅಣ್ಣನಿಗೆ ಬಂದ ಮೂರ್ಛೆರೋಗ ತನಗೂ ಬರುವುದೆಂಬ ಭಯದಲ್ಲಿ ಬೆಂದು 1900ರಲ್ಲಿ ಮನೆಯ ಮೇಲಿನ ಮಹಡಿಯಿಂದ ಹಾರಿ ಬದುಕುಳಿದನು. ಮೂರು ವರ್ಷ ಮೂರು ಆಸ್ಪತ್ರೆಗಳಲ್ಲಿದ್ದನು. ಏಟು ತಿಂದನು, ಕೈಕಟ್ಟುವ ಅಂಗಿಯಲ್ಲಿ ರಾತ್ರಿಗಳನ್ನು ಕಳೆದನು. ತನ್ನನ್ನು ನೋಡಲು ಬರುವ ಬಂಧುಗಳೆಲ್ಲ ವೇಷ ಹಾಕಿದ ಗುಪ್ತಚಾರರೆಂಬುದು ಆತನ ದೃಢವಾದ ಭ್ರಮೆ. ವೈದ್ಯರ ಸಮಾಧಾನವನ್ನಾಗಲಿ, ಬಂಧುಗಳ ಕಣ್ಣೀರನ್ನಾಗಲಿ ಆತ ನಂಬಲಿಲ್ಲ. ಊರಿಗೆ ಹೋಗಿಬರಲು ಅನುಮತಿಯಿದ್ದ ಸಹರೋಗಿಯೊಬ್ಬನನ್ನು ನಂಬಿದನು. ಆ ಸಹರೋಗಿಯು ಬಿಯರ್ಸನ ಸೋದರನ ನಿಜವಾದ ವಿಳಾಸವನ್ನು ಹುಡುಕಿ ತಂದುಕೊಟ್ಟನು. ಆ ವಿಳಾಸಕ್ಕೆ ಬಿಯರ್ಸ್ ಪತ್ರ ಬರೆದು, ಬರುವಾಗ ಇದೇ ಪತ್ರವನ್ನು ತರಬೇಕೆಂದು ತಿಳಿಸಿದನು. 1902ರ ಆಗಸ್ಟ್ ತಿಂಗಳಲ್ಲಿ ಸೋದರನು ಆ ಪತ್ರ ಹಿಡಿದು ಎದುರಿಗೆ ನಿಂತಾಗ ಎರಡು ವರ್ಷಗಳ ಭ್ರಮೆ ಒಂದು ಕ್ಷಣದಲ್ಲಿ ಕಳಚಿಬಿದ್ದಿತು. ಕಾಯಿಲೆ ಅಲ್ಲಿಗೇ ಮುಗಿಯಲಿಲ್ಲ. ಆದರೆ ತಿರುವು ಅದೇ. ಆತ 1908ರಲ್ಲಿ ಪ್ರಕಟಿಸಿದ ಆತ್ಮಕಥೆಯಿಂದ ಅಮೆರಿಕದಲ್ಲಿ ಮಾನಸಿಕ ಆರೋಗ್ಯದ ಚಳವಳಿಯೇ ಹುಟ್ಟಿಕೊಂಡಿತು. ಆ ಸಹರೋಗಿ ಯಾರೆಂಬುದು ಬಹುತೇಕ ಯಾರಿಗೂ ತಿಳಿಯದು.

ಇಂಥ ಸಹಾಯವನ್ನು ಆಕಸ್ಮಿಕಕ್ಕೆ ಬಿಡದೆ ಒಂದು ಕ್ರಮಕ್ಕೆ ತಂದವರಲ್ಲಿ ಷಿಕಾಗೊ ನಗರದ ವೈದ್ಯ ಏಬ್ರಹಾಂ ಲೋ ಮುಖ್ಯರು. ಅವರು 1937ರಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳಿದವರ ಕೂಟವೊಂದನ್ನು ಆರಂಭಿಸಿ ಅದಕ್ಕೆ ರಿಕವರಿ ಎಂದು ಹೆಸರಿಟ್ಟರು. ಕೂಟವನ್ನು ನಡೆಸುವವರು ರೋಗವನ್ನು ಅನುಭವಿಸಿದವರೇ. ಅಲ್ಲಿ ಯಾರೂ ತಮ್ಮ ಇಡೀ ಜೀವನದ ದುಃಖವನ್ನು ತೋಡಿಕೊಳ್ಳುವುದಿಲ್ಲ. ಕಳೆದ ವಾರ ನಡೆದ ಒಂದು ಸಣ್ಣ ಸಂಗತಿಯನ್ನು ಮಾತ್ರ ಹೇಳಬೇಕು. ಮದುವೆಯ ಮನೆಯಲ್ಲಿ ಇಬ್ಬರು ಪಿಸುಗುಟ್ಟಿದರು. ತನ್ನ ವಿಷಯವೇ ಎಂದು ಅನ್ನಿಸಿತು. ಇದು ಸಂಗತಿ. ಎದೆ ಹೊಡೆದುಕೊಂಡಿತು, ಎದ್ದು ಓಡಬೇಕೆನಿಸಿತು, ಇದು ಲಕ್ಷಣ. ಇದು ಬೇನೆಯ ಚೇಷ್ಟೆಯೆಂದು ಗುರುತಿಸಿ, ಕಾಲನ್ನು ನೆಲಕ್ಕೆ ಒತ್ತಿ, ಎಲೆಯ ಮುಂದೆ ಕುಳಿತು ಊಟ ಮುಗಿಸಿದ್ದು ಅಭ್ಯಾಸ. ಹಿಂದಿನ ದಿನಗಳಾಗಿದ್ದರೆ ಏನಾಗುತ್ತಿತ್ತು ಎಂಬುದು ನಾಲ್ಕನೆಯ ಮಾತು. ಊಟ ಮುಗಿಸಿದ್ದಕ್ಕೆ ತನಗೆ ತಾನೇ ಭೇಷ್ ಎಂದುಕೊಳ್ಳಬೇಕು; ಕೂಟವೂ ಹಾಗೆಯೇ ಅನ್ನುತ್ತದೆ. ರೋಗನಿರ್ಣಯವೂ ಮಾತ್ರೆಯ ಪ್ರಮಾಣವೂ ವೈದ್ಯರಿಗೆ ಬಿಟ್ಟದ್ದು, ಅಲ್ಲಿ ಚರ್ಚೆಗಿಲ್ಲ. ಪ್ರತಿಕ್ರಮಣದ ಪರಿಚಯವಿರುವ ಓದುಗರಿಗೆ ದಿನದ ನಡೆಯನ್ನು ಹಿಂದಿರುಗಿ ನೋಡುವ ಈ ಕ್ರಮ ಅಷ್ಟು ಹೊಸದೆನಿಸಲಾರದು. ಆದರೆ ಇಲ್ಲಿ ಹುಡುಕುವುದು ತಪ್ಪನ್ನಲ್ಲ, ಮಾಡಿದ ಸಣ್ಣ ಸಾಹಸವನ್ನು.

ಕುಟುಂಬದವರ ಶಿಕ್ಷಣ ಇನ್ನೊಂದು ಮುಖ. ಇದರಲ್ಲಿ ಭಾರತವು ಯಾರಿಗೂ ಹಿಂದೆ ಬಿದ್ದಿರಲಿಲ್ಲವೆಂಬುದನ್ನು ಹೇಳಲೇಬೇಕು. ಪಾಶ್ಚಾತ್ಯ ಆಸ್ಪತ್ರೆಗಳು ಬಂಧುಗಳನ್ನು ಗೇಟಿನ ಹೊರಗೆ ನಿಲ್ಲಿಸುತ್ತಿದ್ದ 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಅಧೀಕ್ಷಕ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಯೊಡನೆ ಮನೆಯವರೂ ಇರುವಂತೆ ಮಾಡಿದರು. ಬಂಧುಗಳನ್ನು ಒಟ್ಟಿಗೆ ಕೂರಿಸಿಕೊಂಡು ರೋಗವೆಂದರೇನೆಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿದರು. ಒಂದು ಡೇರೆಯ ತಾಯಿ ಪಕ್ಕದ ಡೇರೆಯ ತಾಯಿಯಿಂದ ಕಲಿತಳು. ಮನೆಗೆ ಮರಳಿದವರು ಮನೆಯಲ್ಲಿಯೇ ಉಳಿದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರೂ ಅದೇ ದಶಕದಲ್ಲಿ ಕುಟುಂಬಸಹಿತ ಚಿಕಿತ್ಸೆಯನ್ನು ಆರಂಭಿಸಿದರು.

ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಸಂಶೋಧನೆಗಳು, ವಿಶೇಷವಾಗಿ 1972ರಲ್ಲಿ ಪ್ರಕಟವಾದದ್ದು, ಒಂದು ಕಹಿ ಸತ್ಯವನ್ನು ತಿಳಿಸಿದವು. ಸದಾ ಟೀಕೆ, ಹಗೆತನ, ಅಥವಾ ಉಸಿರುಕಟ್ಟುವಷ್ಟು ಅತಿಯಾದ ಕಾಳಜಿ ಇರುವ ಮನೆಗೆ ಮರಳಿದ ರೋಗಿಗಳಲ್ಲಿ ಬೇನೆ ಮರುಕಳಿಸುವುದು ಹೆಚ್ಚು. ಚಂಡೀಗಢದ ಸುತ್ತಿನ ಕುಟುಂಬಗಳಲ್ಲಿ ಇಂಥ ಕಾಠಿಣ್ಯ ಲಂಡನ್ನಿಗಿಂತ ಕಡಿಮೆಯೆಂದು 1987ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದರಿಂದ ಬೀಗಬೇಕಾದುದಿಲ್ಲ. 'ಎದ್ದು ಕೆಲಸ ಮಾಡಿದರೆ ಎಲ್ಲ ಸರಿಹೋಗುತ್ತದೆ, ಸೋಮಾರಿ' ಎಂಬ ಮಾತು ಕನ್ನಡದ ಎಷ್ಟೋ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ. ಎದ್ದು ಕೂರಲಾರದ್ದೇ ರೋಗದ ಲಕ್ಷಣವೆಂದು ಆ ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ಅಮೆರಿಕದಲ್ಲಿ 1979ರಲ್ಲಿ ರೋಗಿಗಳ ಕುಟುಂಬದವರೇ ಕಟ್ಟಿದ ರಾಷ್ಟ್ರೀಯ ಸಂಘಟನೆಯೊಂದು 1990ರ ದಶಕದಲ್ಲಿ ಹನ್ನೆರಡು ವಾರಗಳ ಪಾಠಕ್ರಮವನ್ನೇ ಹರಡಿತು. ಪಾಠ ಹೇಳುವವರೂ ತರಬೇತಿ ಪಡೆದ ತಂದೆತಾಯಿ, ಒಡಹುಟ್ಟಿದವರು. ಕುಟುಂಬಕ್ಕೆ ಹೀಗೆ ಶಿಕ್ಷಣ ದೊರೆತರೆ ರೋಗ ಮರುಕಳಿಸುವುದು ಕಡಿಮೆಯಾಗುತ್ತದೆಂಬುದು ಅನೇಕ ಅಧ್ಯಯನಗಳಿಂದ ಸಿದ್ಧಪಟ್ಟಿದೆ. ಸಮದುಃಖಿಗಳ ಕೂಟದ ಫಲ ಅಷ್ಟು ನಿಚ್ಚಳವಲ್ಲ. ಅದರಿಂದ ಆಸ್ಪತ್ರೆ ಸೇರುವುದು ತಪ್ಪುತ್ತದೆಂದು ಖಚಿತವಾಗಿ ಹೇಳಲಾಗದು. ಭರವಸೆ ಹೆಚ್ಚುತ್ತದೆ, ತನ್ನ ಬದುಕನ್ನು ತಾನು ನಡೆಸಬಲ್ಲೆನೆಂಬ ಧೈರ್ಯ ಬರುತ್ತದೆಂದು ಮಾತ್ರ ಹೇಳಬಹುದು. ಐದು ವರ್ಷ ಬಾಗಿಲು ಮುಚ್ಚಿಕೊಂಡು ಕುಳಿತ ಮನೆಗೆ ಅದು ಅಲ್ಪವಲ್ಲ.

ಆ ಕೃಷಿಕರು ಗದಗದ ಹೆಣ್ಣುಮಗಳ ಕೂಟವನ್ನು ಎರಡು ಸಲ ನೋಡಿಬಂದ ಮೇಲೆ ತಮ್ಮ ಊರಿನ ಬಸದಿಯ ಟ್ರಸ್ಟಿಗೆ ಒಂದು ಅರ್ಜಿ ಕೊಟ್ಟರು. ತಿಂಗಳಿಗೊಂದು ಭಾನುವಾರ ಸಭಾಭವನದಲ್ಲಿ ಎರಡು ತಾಸು ಸ್ಥಳ ಬೇಕೆಂಬುದು ಅವರ ಬೇಡಿಕೆ. ಟ್ರಸ್ಟಿನ ಸಭೆಯಲ್ಲಿ ಬಹಳ ಹೊತ್ತು ಚರ್ಚೆಯಾಯಿತು. ಹುಚ್ಚರ ಸಭೆಯೆಂದು ಹೆಸರು ಬಿದ್ದರೆ ಮದುವೆಗೆ ಭವನವನ್ನು ಯಾರು ಹಿಡಿಯುತ್ತಾರೆಂದು ಕೋಶಾಧ್ಯಕ್ಷರು ಕೇಳಿದರು. (ಟ್ರಸ್ಟಿನ ಆದಾಯದಲ್ಲಿ ಬಹುಪಾಲು ಆ ಬಾಡಿಗೆಯಿಂದಲೇ ಬರುತ್ತದೆಂಬುದರಿಂದ ಈ ಪ್ರಶ್ನೆ ಹಗುರವಾದದ್ದಲ್ಲ.) ಉಪಗೂಹನವೂ ಸಮ್ಯಗ್ದರ್ಶನದ ಅಂಗವಲ್ಲವೇ, ಒಬ್ಬರ ಮನೆಯ ಕೊರತೆಯನ್ನು ಮುಚ್ಚುವುದು ಧರ್ಮವಲ್ಲವೇ ಎಂದರು ಇನ್ನೊಬ್ಬರು. ಪಾಠಶಾಲೆಯ ವೃದ್ಧ ಪಂಡಿತರು ಅದಕ್ಕೆ ಹೇಳಿದ ಉತ್ತರ ಚಿಕ್ಕದು: ಉಪಗೂಹನ ದೋಷವನ್ನು ಕುರಿತದ್ದು, ರೋಗ ದೋಷವಲ್ಲ. ಅದಾದ ಮೇಲೆ ಹೇಳಿರುವ ಸ್ಥಿತಿಕರಣವನ್ನು, ಜಾರುವವರನ್ನು ಹಿಡಿದು ನಿಲ್ಲಿಸುವುದನ್ನು, ಯಾರು ಮಾಡಬೇಕು?

ಪೂಜಾಸ್ಥಳಗಳ ಆಶ್ರಯಕ್ಕೆ ಮನೋರೋಗಿಗಳು ಬರುವುದು ಎಲ್ಲ ಮತಗಳಲ್ಲಿಯೂ ಹಳೆಯ ರೂಢಿ. ಅದರ ಎರಡು ಪರಿಣಾಮಗಳನ್ನೂ ದೇಶ ಕಂಡಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸುತ್ತ ಬೆಳೆದಿದ್ದ ಖಾಸಗಿ ಆಶ್ರಯಗಳಲ್ಲೊಂದಕ್ಕೆ ಬೆಂಕಿ ಬಿದ್ದು ಸರಪಳಿಯಲ್ಲಿ ಕಟ್ಟಿದ್ದ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಓಡಲಾರದೆ ಸತ್ತರು. ಅದೇ ರಾಜ್ಯದ ವೇಲಾಯುಧಂಪಾಳಯಂಪುದೂರು ಎಂಬ ಹಳ್ಳಿಯಲ್ಲಿ ಮುತ್ತುಸ್ವಾಮಿ ಎಂಬ ಸಂತರ ದೇವಾಲಯವಿದೆ. ಅಲ್ಲಿ ಉಳಿದ 31 ಮಂದಿ ರೋಗಿಗಳನ್ನು ನಿಮ್ಹಾನ್ಸಿನ ಡಾ. ರಘುರಾಮ್ ಮತ್ತು ಸಂಗಡಿಗರು ಅಭ್ಯಸಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಸರಾಸರಿ ಆರು ವಾರಗಳ ವಾಸದಲ್ಲಿ ರೋಗಲಕ್ಷಣಗಳ ಅಳತೆ ಸುಮಾರು ಶೇಕಡಾ 20ರಷ್ಟು ಇಳಿದಿತ್ತು. ಅಲ್ಲಿ ಮಂತ್ರವಾದವಿರಲಿಲ್ಲ, ಹೊಡೆತವಿರಲಿಲ್ಲ. ಜೊತೆಗೆ ಒಬ್ಬ ಬಂಧು, ಬೆಳಗಿನ ಪ್ರಾರ್ಥನೆ, ಗುಡಿಯ ಹಗುರ ಕೆಲಸ, ಗದರಿಸದ ಜನ, ಇಷ್ಟೇ. ಹೋಲಿಕೆಗೆ ಇನ್ನೊಂದು ಗುಂಪಿಲ್ಲದ ಸಣ್ಣ ಅಧ್ಯಯನವದು. ಅದನ್ನು ಹಿಡಿದು ಔಷಧಿ ಬಿಡಿಸಲು ಹೊರಡುವುದು ಅವಿವೇಕ. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಸರಪಳಿಯಲ್ಲಿ ಕಟ್ಟುವುದನ್ನು ಯಾವ ರೀತಿಯಲ್ಲಿಯೂ ಮಾಡಕೂಡದೆಂದು ನಿಷೇಧಿಸಿದೆ. ರೋಗಿಯ ವಿವರಗಳು ಗೋಪ್ಯವಾಗಿರಬೇಕೆಂದೂ ವಿಧಿಸಿದೆ.

ಟ್ರಸ್ಟು ಸಭಾಭವನವನ್ನು ಕೊಡಲಿಲ್ಲ. ಹಿಂಬದಿಯ ಪಾಠಶಾಲೆಯ ಕೊಠಡಿಯನ್ನು ಕೊಟ್ಟಿತು. ಬಾಗಿಲು ಬೀದಿಗೆ ಕಾಣದಿರುವುದರಿಂದ ಅದೇ ಒಳ್ಳೆಯದಾಯಿತು. ಮೊದಲ ತಿಂಗಳು ಬಂದವರು ಇಬ್ಬರು. ಅವರಲ್ಲಿ ಒಬ್ಬರು ಕೊಠಡಿ ತೆರೆದ ಕೃಷಿಕರೇ. ನಾಲ್ಕನೆಯ ತಿಂಗಳು ಏಳು ಮನೆಗಳವರಿದ್ದರು, ಅವರಲ್ಲಿ ಕೋಶಾಧ್ಯಕ್ಷರ ತಂಗಿಯೂ ಒಬ್ಬರು. ಕಪಾಟಿನಲ್ಲಿ ಡಾ. ಸಿ. ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಡಾ. ಎಂ. ಶಿವರಾಂ ಅವರ 'ಮನಮಂಥನ'ದ ಒಂದು ಹಳೆಯ ಪ್ರತಿ. ಗೋಡೆಯ ಮೇಲೆ ಟೆಲಿ-ಮನಸ್ ಸಂಖ್ಯೆ 14416. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸರಕಾರಿ ದೂರವಾಣಿ ಸೇವೆ ಹಗಲಿರುಳೂ ಕನ್ನಡದಲ್ಲಿ ದೊರೆಯುತ್ತದೆ.

ಕೊಠಡಿಯ ಕಟ್ಟಳೆಗಳು ಕೆಲವೇ. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು. ಆದರೆ ಯಾರಾದರೂ ಪ್ರಾಣ ಕಳೆದುಕೊಳ್ಳುವ ಮಾತಾಡಿದರೆ ಅದು ಗುಟ್ಟಲ್ಲ, ಆ ಗಳಿಗೆಯಲ್ಲಿಯೇ ಮನೆಯವರಿಗೂ ವೈದ್ಯರಿಗೂ ತಿಳಿಸಬೇಕು. ತನ್ನ ಅನುಭವ ಹೇಳಬಹುದು, ಇನ್ನೊಬ್ಬರ ಮಾತ್ರೆಯನ್ನು ಬದಲಿಸಲು ಹೇಳಬಾರದು. ಬೇನೆ ಮರುಕಳಿಸಿದವರು ಕೂಟ ನಡೆಸುವ ಹೊಣೆಯಿಂದ ವಿಶ್ರಾಂತಿ ಪಡೆಯಬೇಕು. ಅದಕ್ಕಾಗಿಯೇ ನಡೆಸುವವರು ಯಾವಾಗಲೂ ಇಬ್ಬರು. ಗೋಪ್ಯವನ್ನು ಕಾಯುವುದಕ್ಕೂ ಸತ್ಯವನ್ನು ಮುಚ್ಚುವುದಕ್ಕೂ ಇರುವ ಅಂತರವನ್ನು ಯಾರೂ ಅಲ್ಲಿ ಉಪದೇಶಿಸುವುದಿಲ್ಲ. ಪರರ ಮಾತನ್ನು ತಾನು ಕಾಯುತ್ತೇನೆ, ತನ್ನ ಮಾತನ್ನು ಯಾರಿಗೆ ಹೇಳಬೇಕೋ ಅವರಿಗೆ ತಾನೇ ಹೇಳುತ್ತೇನೆ ಎಂಬುದು ಎರಡು ಮೂರು ಸಭೆಗಳಲ್ಲಿ ತಾನಾಗಿ ರೂಢಿಯಾಗುತ್ತದೆ.

ವೈದ್ಯರ ಮುಂದೆ ಏಳದ ಪ್ರಶ್ನೆಗಳು ಈ ಕೊಠಡಿಯಲ್ಲಿ ಏಳುತ್ತವೆ. ಸೂರ್ಯಾಸ್ತದ ನಂತರ ಏನನ್ನೂ ಸೇವಿಸದ ನಿಯಮವಿರುವವರು ರಾತ್ರಿಯ ಮಾತ್ರೆಯನ್ನು ಏನು ಮಾಡಬೇಕು? ಅನೇಕರು ಸುಮ್ಮನೆ ಬಿಟ್ಟುಬಿಟ್ಟಿದ್ದರು. ಬಹಳಷ್ಟು ಔಷಧಿಗಳ ಹೊತ್ತನ್ನು ಹಗಲಿಗೆ ಬದಲಿಸಿಕೊಡಲು ವೈದ್ಯರು ಒಪ್ಪುತ್ತಾರೆ, ಕೇಳಬೇಕಷ್ಟೆ. ಲುರಾಸಿಡೋನ್‌ನಂಥ ಕೆಲವನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಸಂಜೆ ಐದೂವರೆಗೆ ಉಂಡು ರಾತ್ರಿ ಹತ್ತಕ್ಕೆ ಬರಿಹೊಟ್ಟೆಯಲ್ಲಿ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಪ್ಸೂಲಿನ ಹೊರಕವಚ ಸಾಮಾನ್ಯವಾಗಿ ಪ್ರಾಣಿಜನ್ಯವಾದ ಜಿಲೆಟಿನ್ನಿನದೆಂದು ತಿಳಿದು ಗುಟ್ಟಾಗಿ ಎಸೆಯುತ್ತಿದ್ದ ತಾಯಿಯೊಬ್ಬರಿಗೆ ಅದೇ ಔಷಧಿ ಮಾತ್ರೆಯ ರೂಪದಲ್ಲಿ ಸಿಗುವುದೆಂದು ತಿಳಿಸಿದವರು ಔಷಧಿಯಂಗಡಿಯ ಗುಮಾಸ್ತರಾಗಿದ್ದ ಒಬ್ಬ ಸದಸ್ಯರು. ಉನ್ಮಾದದ ಪ್ರವೃತ್ತಿಯುಳ್ಳವರಿಗೆ ರಾತ್ರಿಯ ಜಾಗರಣೆಯೇ ರೋಗವನ್ನು ಕೆರಳಿಸಬಲ್ಲದು. ನೋಂಪಿ, ಉಪವಾಸಗಳನ್ನು ಹಿಡಿಯುವ ಮೊದಲು ವೈದ್ಯರನ್ನು ಕೇಳುವ ಪರಿಪಾಠವೂ ಈಗ ಆ ಊರಿನಲ್ಲಿ ಬೆಳೆದಿದೆ. ಶಕ್ತಿಯನ್ನರಿತು ತಪವನ್ನಾಚರಿಸುವುದು ಹೊಸ ವಿಚಾರವೇನಲ್ಲವೆಂದು ಪಂಡಿತರು ಒಂದು ಸಭೆಯಲ್ಲಿ ಬಂದು ಹೇಳಿಹೋದರು.

ಕೃಷಿಕರ ಹಿರಿಯ ಮಗಳು ಏಳು ತಿಂಗಳ ಮೇಲೆ ಗಂಡನ ಮನೆಗೆ ಮರಳಿದಳು. ಅಳಿಯನಿಗೆ ಮನಸ್ಸು ಗಟ್ಟಿಮಾಡಿಕೊಳ್ಳಲು ಅಷ್ಟು ಕಾಲ ಬೇಕಾಯಿತು. ಅದನ್ನು ಯಾರೂ ಆಕ್ಷೇಪಿಸಲಿಲ್ಲ. ಮಾತ್ರೆಯ ಬಾಟಲಿ ಈಗ ಅಡುಗೆಮನೆಯ ಕಪಾಟಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ, ಸಕ್ಕರೆ ಡಬ್ಬಿಯ ಪಕ್ಕದಲ್ಲಿರುತ್ತದೆ. ಭಾದ್ರಪದದಲ್ಲಿ ಆಕೆ ನೀರು ಬಿಡದೆ ಏಕಭುಕ್ತ ಮಾಡುತ್ತಾಳೆ. ರಕ್ತಪರೀಕ್ಷೆಯ ದಿನಾಂಕವನ್ನು ಅತ್ತೆ ಪಂಚಾಂಗದಲ್ಲಿ ಗುರುತು ಮಾಡಿಡುತ್ತಾರೆ.

ಎಲ್ಲರ ಕಥೆಯೂ ಹೀಗಾಗಿಲ್ಲ. ಅದೇ ಕೂಟದ ಇನ್ನೊಂದು ಮನೆಯವರು ತಮ್ಮ ಮಗಳ ವಿಷಯದಲ್ಲಿ ಮೊದಲೇ ನಿಜ ಹೇಳುವುದೆಂದು ನಿಶ್ಚಯಿಸಿದರು. ಆಕೆಗೆ ಎರಡು ಸಲ ತೀವ್ರ ಖಿನ್ನತೆ ಬಂದು ಗುಣವಾಗಿದೆ. ಈಗ ಶಾಲೆಯಲ್ಲಿ ಕಲಿಸುತ್ತಾಳೆ. ವೈದ್ಯರ ಪತ್ರವನ್ನು ಜಾತಕದ ಜೊತೆಗೆ ಇಟ್ಟು ತೋರಿಸಿದರು. ಮೊದಲ ಸಂಬಂಧದವರು ಮರುದಿನವೇ ಬೇಡವೆಂದು ತಿಳಿಸಿದರು. ಎರಡನೆಯವರು ತಿಳಿಸಲೂ ಇಲ್ಲ. ಮೂರನೆಯ ಕಡೆಯವರು ಊಟ ಮಾಡಿ, ಮನೆಯನ್ನೂ ಹುಡುಗಿಯನ್ನೂ ಹೊಗಳಿ, ಹದಿನೈದು ದಿನಗಳ ನಂತರ ಕಾರಣ ಹೇಳದೆ ಪತ್ರ ಹಿಂದಿರುಗಿಸಿದರು. ತಾಯಿ ಆ ತಿಂಗಳು ಕೂಟಕ್ಕೆ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಮುಂದಿನ ಸಲ ಹೇಳುವುದೇ ಬೇಡವೆಂದು ಮನೆಯವರು ಪಟ್ಟುಹಿಡಿದಿದ್ದಾರೆಂದು ಕೊನೆಯಲ್ಲಿ ಹೇಳಿದರು. ಕೂಟದಲ್ಲಿ ಯಾರೂ ಅವರಿಗೆ ಹೀಗೆ ಮಾಡಿರೆಂದು ಹೇಳಲಿಲ್ಲ. ಕೃಷಿಕರು ಮಾತ್ರ ಕೊಲ್ಲಾಪುರದ ಆ ಆಸ್ಪತ್ರೆಯ ಅಂಗಳದ ಸಂಗತಿಯನ್ನು ಇನ್ನೊಮ್ಮೆ, ಮೊದಲಿನಿಂದ ಹೇಳಿದರು. ನಾಲ್ಕನೆಯ ಸಂಬಂಧ ಹಾಸನದ ಕಡೆಯದು. ಮಗಳು ಈ ಸಲ ಪತ್ರವನ್ನು ಮನೆಯವರ ಕೈಗೆ ಕೊಡದೆ ಹುಡುಗನೊಡನೆ ತಾನೇ ಮಾತಾಡಿದಳು. ಆತ ಎರಡು ಪ್ರಶ್ನೆ ಕೇಳಿದನಂತೆ. ಒಂದಕ್ಕೆ ಆಕೆಗೆ ಉತ್ತರ ಗೊತ್ತಿತ್ತು, ಇನ್ನೊಂದನ್ನು ವೈದ್ಯರನ್ನೇ ಕೇಳೋಣವೆಂದಳು. ಮುಂದಿನ ತಿಂಗಳ ಭೇಟಿಗೆ ಇಬ್ಬರೂ ಒಟ್ಟಿಗೆ ಹೋಗುವವರಿದ್ದಾರೆ.